ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ, ಎಷ್ಟು ಹೊತ್ತು: ನೀವೇ ಲೆಕ್ಕ ಹಾಕುವ ಬಗೆ

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ನಡುವೆ ಎಷ್ಟು ದೂರ ಅಂತ ಕೇಳಿದರೆ ಒಬ್ಬರು 13,990 ಅನ್ನುತ್ತಾರೆ, ಇನ್ನೊಬ್ಬರು 8,690 ಅನ್ನುತ್ತಾರೆ, ವಿಮಾನದ ಕೆಲಸ ಗೊತ್ತಿದ್ದವರು 7,550 ಅನ್ನುತ್ತಾರೆ. ಮೂರೂ ಸರಿಯೇ. ಮೊದಲನೆಯದು ಕಿಲೋಮೀಟರ್, ಎರಡನೆಯದು ಮೈಲಿ, ಮೂರನೆಯದು ನಾಟಿಕಲ್ ಮೈಲಿ. ಒಂದು ಮೈಲಿ ಅಂದರೆ 1.609 ಕಿ.ಮೀ., ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಇದೊಂದು ಗೊಂದಲ ಬಗೆಹರಿದರೂ ಇನ್ನೊಂದು ಉಳಿಯುತ್ತದೆ. ಟಿಕೆಟ್ ಮೇಲೆ ಮಧ್ಯಾಹ್ನ ಎರಡಕ್ಕೆ ಹೊರಟ ವಿಮಾನ ಅದೇ ದಿನ ಸಂಜೆ ನಾಲ್ಕೂವರೆಗೆ ಇಳಿಯುತ್ತದೆ, ವಾಪಸ್ ಬರುವಾಗ ನೋಡಿದರೆ ಒಂದು ಪೂರ್ತಿ ತಾರೀಕೇ ಮಾಯ.

ಇದನ್ನೆಲ್ಲ ಬಿಡಿಸಿಕೊಳ್ಳಲು ಒಂದು ಮಾತು ನೆನಪಿಟ್ಟರೆ ಸಾಕು: ಇಲ್ಲಿ ದೂರ ಎರಡು ಬಗೆ, ಸಮಯ ಮೂರು ಬಗೆ. ಭೂಮಿಯ ಮೇಲಿನ ಅತಿ ಚಿಕ್ಕ ದೂರ ಒಂದು, ವಿಮಾನ ನಿಜವಾಗಿ ಹಾರುವ ದೂರ ಇನ್ನೊಂದು. ಹಾಗೆಯೇ ಸೀಟಿನಲ್ಲಿ ಕೂತಿರುವ ಸಮಯ, ಗಡಿಯಾರ ತೋರಿಸುವ ಸಮಯ, ಮನೆ ಬಾಗಿಲಿನಿಂದ ಮನೆ ಬಾಗಿಲಿನವರೆಗಿನ ಸಮಯ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟಾಗಲೇ ಲೆಕ್ಕ ತಪ್ಪುವುದು.

ಮೊದಲು ದಾರ, ಆಮೇಲೆ ಕ್ಯಾಲ್ಕುಲೇಟರ್

ಗೋಡೆಯ ಮೇಲಿನ ಭೂಪಟಕ್ಕೆ ಸ್ಕೇಲು ಹಿಡಿಯಬೇಡಿ. ದುಂಡಗಿರುವ ಭೂಮಿಯನ್ನು ಚಪ್ಪಟೆ ಮಾಡಿದಾಗ ಉತ್ತರದ ಕಡೆಯ ಜಾಗಗಳೆಲ್ಲ ಹಿಗ್ಗಿರುತ್ತವೆ, ಅಲ್ಲಿ ಸೆಂಟಿಮೀಟರಿಗೆ ಇಷ್ಟು ಕಿಲೋಮೀಟರ್ ಅನ್ನುವ ಲೆಕ್ಕ ನಡೆಯುವುದಿಲ್ಲ. ಮಕ್ಕಳು ಓದುವ ಗ್ಲೋಬ್ ಒಂದು ಮತ್ತು ಹೂ ಕಟ್ಟುವ ದಾರ ಒಂದು ಗೇಣೆರಡು ಗೇಣು ತೆಗೆದುಕೊಳ್ಳಿ. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊದ ಮೇಲಿಟ್ಟು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿ ಜಾರಿ ಅತಿ ಚಿಕ್ಕ ದಾರಿಗೆ ಬಂದು ಕೂರುತ್ತದೆ. ಅದು ಪೂರ್ವಕ್ಕೆ ಪೆಸಿಫಿಕ್ ಸಾಗರದ ಕಡೆಗೂ ಹೋಗುವುದಿಲ್ಲ, ಪಶ್ಚಿಮಕ್ಕೆ ಯೂರೋಪಿನ ಕಡೆಗೂ ಹೋಗುವುದಿಲ್ಲ. ನೆಟ್ಟಗೆ ಉತ್ತರಕ್ಕೆ, ಸ್ವಲ್ಪವೇ ಬಲಕ್ಕೆ ವಾಲಿ, ವಾರಾಣಸಿಯ ಆಸುಪಾಸು ಹಾದು ನೇಪಾಳ, ಟಿಬೆಟ್, ಮಂಗೋಲಿಯಾ ದಾಟಿ ಸೈಬೀರಿಯಾದ ಉತ್ತರ ಅಂಚು ಮುಟ್ಟಿ, ಅಲ್ಲಿಂದ ಅಲಾಸ್ಕಾದ ಮೇಲೆ ಕೆಳಗಿಳಿಯುತ್ತದೆ. ದಾರಿಯ ನೆತ್ತಿ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶ.

ಈಗ ದಾರ ಅಳೆಯಿರಿ. 30 ಸೆಂ.ಮೀ. ವ್ಯಾಸದ ಗ್ಲೋಬ್ ಆದರೆ ಸುತ್ತಳತೆ 94 ಸೆಂ.ಮೀ. ಚಿಲ್ಲರೆ, ಅಂದರೆ ಒಂದು ಸೆಂ.ಮೀ.ಗೆ 425 ಕಿ.ಮೀ. ದಾರ ಸುಮಾರು 33 ಸೆಂ.ಮೀ. ಬರುತ್ತದೆ. ಗುಣಿಸಿದರೆ 14,000ದ ಹತ್ತಿರ. ಪ್ರಯಾಣದ ಅಂದಾಜಿಗೆ ಇಷ್ಟೇ ಸಾಕು. ಇನ್ನೂ ನಿಖರ ಬೇಕೆಂದರೆ ಫೋನಿನ ಸೈಂಟಿಫಿಕ್ ಕ್ಯಾಲ್ಕುಲೇಟರ್ ತೆಗೆಯಿರಿ.

ಬೇಕಾದದ್ದು ಎರಡು ಜಾಗಗಳ ಅಕ್ಷಾಂಶ, ರೇಖಾಂಶ. ಊರಿನದ್ದಲ್ಲ, ವಿಮಾನ ನಿಲ್ದಾಣದ್ದು. ಬೆಂಗಳೂರು ಕೆಂಪೇಗೌಡ ನಿಲ್ದಾಣ 13.199 ಉತ್ತರ, 77.706 ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ 37.619 ಉತ್ತರ, 122.375 ಪಶ್ಚಿಮ. ಒಂದು ಪೂರ್ವ, ಇನ್ನೊಂದು ಪಶ್ಚಿಮ ಆದದ್ದರಿಂದ ರೇಖಾಂಶಗಳನ್ನು ಕೂಡಬೇಕು: 200.081. ಇದು 180 ದಾಟಿತು, ಹಾಗಾಗಿ 360ರಿಂದ ಕಳೆದು 159.919 ಇಟ್ಟುಕೊಳ್ಳಿ.

ಮೊದಲ ಗುಣಾಕಾರ: ಎರಡೂ ಅಕ್ಷಾಂಶಗಳ ಸೈನ್. 0.2283 × 0.6104 = 0.1394.

ಎರಡನೇ ಗುಣಾಕಾರ: ಎರಡೂ ಅಕ್ಷಾಂಶಗಳ ಕೊಸೈನ್ ಮತ್ತು ರೇಖಾಂಶ ವ್ಯತ್ಯಾಸದ ಕೊಸೈನ್. 0.9736 × 0.7921 × (−0.9392) = −0.7243.

ಎರಡನ್ನೂ ಕೂಡಿ: −0.5849. ಇದರ ವಿಲೋಮ ಕೊಸೈನ್ (ಕ್ಯಾಲ್ಕುಲೇಟರಿನಲ್ಲಿ cos⁻¹) 125.8 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿಗೆ 111.195 ಕಿ.ಮೀ. ಗುಣಿಸಿದರೆ 13,988 ಕಿ.ಮೀ.

ಭೂಮಿ ಪೂರ್ತಿ ಗುಂಡಗಿಲ್ಲ, ಧ್ರುವಗಳಲ್ಲಿ ತುಸು ಚಪ್ಪಟೆ. ಅದರಿಂದ ಈ ಲೆಕ್ಕದಲ್ಲಿ ಹೆಚ್ಚೆಂದರೆ ನೂರಕ್ಕೆ ಅರ್ಧದಷ್ಟು ವ್ಯತ್ಯಾಸ ಬರಬಹುದು. ತಲೆ ಕೆಡಿಸಿಕೊಳ್ಳಬೇಕಾದ ತಪ್ಪುಗಳು ಬೇರೆ ಇವೆ. ಕ್ಯಾಲ್ಕುಲೇಟರ್ ಡಿಗ್ರಿ ಬಿಟ್ಟು ರೇಡಿಯನ್‌ನಲ್ಲಿದ್ದರೆ ಉತ್ತರ ಏನೇನೋ ಬರುತ್ತದೆ. ಶುರು ಮಾಡುವ ಮೊದಲು ಸೈನ್ 30 ಒತ್ತಿ ನೋಡಿ, 0.5 ಬಂದರೆ ಮುಂದುವರಿಯಿರಿ. ಎರಡನೆಯದು, ಡಿಗ್ರಿ-ನಿಮಿಷದಲ್ಲಿ ಬರೆದದ್ದನ್ನು ದಶಾಂಶ ಅಂದುಕೊಳ್ಳುವುದು. 37 ಡಿಗ್ರಿ 37 ನಿಮಿಷ ಅಂದರೆ 37.37 ಅಲ್ಲ, 37 ಮತ್ತು 37/60, ಅಂದರೆ 37.617. ಎಲ್ಲಕ್ಕಿಂತ ದುಬಾರಿ ತಪ್ಪು ಪೂರ್ವ-ಪಶ್ಚಿಮ ಮರೆಯುವುದು. ಸ್ಯಾನ್ ಫ್ರಾನ್ಸಿಸ್ಕೊದ 122.375 ಅನ್ನು ಪೂರ್ವ ಅಂತ ಹಾಕಿದರೆ ಉತ್ತರ 5,180 ಕಿ.ಮೀ. ಆಸುಪಾಸು ಬರುತ್ತದೆ. ಅದು ಚೀನಾದ ಶಾಂಡೋಂಗ್ ಕರಾವಳಿಗೆ ಇರುವ ದೂರ.

ವಿಮಾನ ದಾರದ ಮೇಲೆ ಏಕೆ ಹಾರುವುದಿಲ್ಲ

ದಾರ ಟಿಬೆಟ್ ಮೇಲೆ ಹಾಯುತ್ತದಲ್ಲ, ಅಲ್ಲೇ ಮೊದಲ ತೊಡಕು. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ 10,000 ಅಡಿಗೆ, ಅಂದರೆ ಸುಮಾರು 3,000 ಮೀಟರಿಗೆ ಬೇಗ ಇಳಿಯಬೇಕು. ಪ್ರಯಾಣಿಕರ ತಲೆ ಮೇಲಿನಿಂದ ಬೀಳುವ ಮಾಸ್ಕ್‌ನಲ್ಲಿ ಆಮ್ಲಜನಕ ಇರುವುದು ಸಾಮಾನ್ಯವಾಗಿ ಹದಿನೈದಿಪ್ಪತ್ತು ನಿಮಿಷಕ್ಕಷ್ಟೇ. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರಿಗಿಂತ ಎತ್ತರ. ಇಳಿಯಲು ಜಾಗವೇ ಇಲ್ಲ. ಇದರ ಮೇಲೆ ಆಯಾ ದೇಶದ ಅನುಮತಿ, ನಿಗದಿಯಾದ ವಾಯುಮಾರ್ಗ, ತುರ್ತಾಗಿ ನಡುದಾರಿಯಲ್ಲಿ ಇಳಿಯಲು ಬೇಕಾದ ನಿಲ್ದಾಣ, ಕೊನೆಗೆ ಗಾಳಿ.

ಧ್ರುವದ ಮೇಲೆ ಹೋದರೆ ಎಷ್ಟಾಗುತ್ತದೆ ಅನ್ನುವುದು ಬಾಯಿಲೆಕ್ಕದಲ್ಲೇ ಸಿಗುತ್ತದೆ. 90ರಿಂದ ಎರಡೂ ಅಕ್ಷಾಂಶ ಕಳೆದು ಕೂಡಿ: 76.8 + 52.4 = 129.2 ಡಿಗ್ರಿ, ಅಂದರೆ ಸುಮಾರು 14,365 ಕಿ.ಮೀ. ದಾರಕ್ಕಿಂತ 380 ಕಿ.ಮೀ. ಮಾತ್ರ ಹೆಚ್ಚು. ಆದರೆ ಅದು ಕಾಗದದ ಲೆಕ್ಕ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಬೋಯಿಂಗ್ 777-200ಎಲ್‌ಆರ್, ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದ ಮಹಿಳಾ ಪೈಲಟ್‌ಗಳ ತಂಡದೊಂದಿಗೆ, ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂತು. ಹಾರಿದ್ದು ಸುಮಾರು 16,000 ಕಿ.ಮೀ., ಆಕಾಶದಲ್ಲಿದ್ದದ್ದು ಸುಮಾರು 17 ಗಂಟೆ. ಧ್ರುವ ದಾಟಿದ ಮೇಲೆ ಹಿಮಾಲಯ, ಟಿಬೆಟ್ ಸುತ್ತಿಕೊಂಡು ಬರಲೇಬೇಕಲ್ಲ.

ಬೆಂಗಳೂರಿನಿಂದ ಹೋಗುವಾಗ ಲಾಭವಿರುವುದು ಪೂರ್ವದ ದಾರಿಯಲ್ಲಿ. ಬಂಗಾಳ ಕೊಲ್ಲಿ, ಪೂರ್ವ ಏಷ್ಯಾ, ಜಪಾನ್, ಅಲ್ಲಿಂದ ಉತ್ತರ ಪೆಸಿಫಿಕ್. ಅಂದಾಜಿಗೆ ಟೋಕಿಯೊದ ನಾರಿಟಾ ನಿಲ್ದಾಣವನ್ನು ನಡುವಿನ ಗುರುತಾಗಿ ಇಟ್ಟುಕೊಂಡು ಎರಡು ತುಂಡು ಮಾಡಿ: ಬೆಂಗಳೂರು–ನಾರಿಟಾ 6,700, ನಾರಿಟಾ–ಸ್ಯಾನ್ ಫ್ರಾನ್ಸಿಸ್ಕೊ 8,230. ಒಟ್ಟು 14,930 ಕಿ.ಮೀ. ದಾರಕ್ಕಿಂತ 940 ಕಿ.ಮೀ. ಜಾಸ್ತಿ, ಆದರೂ ಇದೇ ವಾಸಿ. ಏಕೆ ಅನ್ನುವುದು ಮುಂದಿನ ಲೆಕ್ಕದಲ್ಲಿದೆ.

ಕಿಲೋಮೀಟರಿನಿಂದ ಗಂಟೆಗೆ

ಇಷ್ಟು ದೂರ ಹಾರುವ ದೊಡ್ಡ ವಿಮಾನಗಳು ಶಬ್ದದ ವೇಗದ ಸುಮಾರು 0.84 ಪಾಲಿನಲ್ಲಿ ಹಾರುತ್ತವೆ. ಆ ಎತ್ತರದ ಚಳಿಯಲ್ಲಿ ಶಬ್ದದ ವೇಗವೇ ಗಂಟೆಗೆ 1,060 ಕಿ.ಮೀ. ಆಸುಪಾಸು, ಹಾಗಾಗಿ ವಿಮಾನದ್ದು 890. ಇದು ಗಾಳಿಯೊಳಗಿನ ವೇಗ. ನೆಲದ ಲೆಕ್ಕಕ್ಕೆ ಬರುವಾಗ ಗಾಳಿ ಹಿಂದಿನಿಂದ ತಳ್ಳಿದರೆ ಕೂಡಬೇಕು, ಎದುರಿದ್ದರೆ ಕಳೆಯಬೇಕು.

ಜಪಾನ್ ಮತ್ತು ಉತ್ತರ ಪೆಸಿಫಿಕ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಎಂಬ ಮೇಲಿನ ಗಾಳಿ ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ದಾಟುವುದು ಮಾಮೂಲು. ಸೀಟಿನ ಮುಂದಿನ ಪರದೆಯಲ್ಲಿ 1,100 ಅಂತ ಕಂಡರೆ ಗಾಬರಿ ಬೇಡ, ನದಿಯ ಸೆಳವಿನಲ್ಲಿ ತೆಪ್ಪ ಹೋದ ಹಾಗೆ ಅದು. ಆದರೆ ಆ 200 ಅನ್ನು ಪೂರ್ತಿ ದಾರಿಗೆ ಕೂಡಿಸಬೇಡಿ. ಬೆಂಗಳೂರಿನಿಂದ ಪೂರ್ವ ಏಷ್ಯಾ ಮುಟ್ಟುವವರೆಗೆ ಅಂಥ ಗಾಳಿ ಸಿಗುವುದಿಲ್ಲ. ಇಡೀ ದಾರಿಯ ಸರಾಸರಿಗೆ 60 ಇಟ್ಟುಕೊಂಡರೆ ಮೋಸವಿಲ್ಲ.

ಹೋಗುವಾಗ: 14,930 ÷ 950 = 15.7 ಗಂಟೆ. ಏರುವಾಗ, ಇಳಿಯುವಾಗ ವೇಗ ಕಡಿಮೆ, ಜತೆಗೆ ನೆಲದ ಮೇಲೆ ಉರುಳುವ ಹೊತ್ತು. ಅದಕ್ಕೆ 35 ನಿಮಿಷ ಸೇರಿಸಿ. ಹದಿನಾರೂಕಾಲು ಗಂಟೆ.

ಬರುವಾಗ ಅದೇ ದಾರಿ: 14,930 ÷ 830 = 18 ಗಂಟೆ, ಮೇಲೆ 35 ನಿಮಿಷ. ಹದಿನೆಂಟೂವರೆ. ಹೋಗುವುದಕ್ಕಿಂತ ಎರಡು ಗಂಟೆಗೂ ಹೆಚ್ಚು. ಅದಕ್ಕೇ ವಾಪಸ್ ದಾರಿಯನ್ನು ಆಯಾ ದಿನದ ಗಾಳಿ ನೋಡಿ ಬದಲಿಸುತ್ತಾರೆ. ಸಾವಿರ ಕಿ.ಮೀ. ಸುತ್ತಿದರೂ ಎದುರುಗಾಳಿ ತಪ್ಪಿದರೆ ಹೊತ್ತು ಉಳಿಯುತ್ತದೆ. ಹೋಗುವ ಸಮಯವನ್ನೇ ಬರುವ ಸಮಯ ಅಂದುಕೊಂಡು ಮುಂದಿನ ರೈಲು, ಬಸ್ಸು ಬುಕ್ ಮಾಡುವವರು ಎಡವುವುದು ಇಲ್ಲಿ.

ಟಿಕೆಟ್‌ನಲ್ಲಿ ಬರೆದಿರುವ ಅವಧಿ ಗೇಟ್ ಬಿಟ್ಟ ಕ್ಷಣದಿಂದ ಗೇಟ್ ಸೇರುವವರೆಗಿನದು, ತಡವಾದರೂ ಹೊಂದಲಿ ಅಂತ ಒಂದಿಷ್ಟು ಸಡಿಲವೂ ಅದರಲ್ಲಿ ಸೇರಿರುತ್ತದೆ. ವಿಮಾನದ ಜಾಡು ತೋರಿಸುವ ಆ್ಯಪ್‌ಗಳು ಚಕ್ರ ನೆಲ ಬಿಟ್ಟ ಮೇಲಿನ ಹೊತ್ತು ಹೇಳುತ್ತವೆ. ಎರಡರ ನಡುವೆ ಅರ್ಧ ಗಂಟೆ ಫರಕು ಕಂಡರೆ ಯಾವುದೂ ಸುಳ್ಳಲ್ಲ.

ಗಡಿಯಾರದ ಕಿತಾಪತಿ

ಭಾರತದ ಸಮಯ ವಿಶ್ವಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ಕ್ಯಾಲಿಫೋರ್ನಿಯಾ ಚಳಿಗಾಲದಲ್ಲಿ ಎಂಟು ಗಂಟೆ ಹಿಂದೆ, ಬೇಸಿಗೆಯಲ್ಲಿ ಏಳು. ಅಂದರೆ ವ್ಯತ್ಯಾಸ ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಬದಲಾಗುವುದು ಮಾರ್ಚ್ ಎರಡನೇ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ. ಅಕ್ಟೋಬರ್‌ನಲ್ಲಿ ಹೋಗಿ ನವೆಂಬರ್‌ನಲ್ಲಿ ಬರುವವರಿಗೆ ಹೋಗುವ ಲೆಕ್ಕ ಬೇರೆ, ಬರುವ ಲೆಕ್ಕ ಬೇರೆ.

ಲೆಕ್ಕ ಹಾಕುವ ಕ್ರಮ ಇಷ್ಟೇ: ಹೊರಡುವ ಊರಿನ ಗಡಿಯಾರಕ್ಕೆ ಪ್ರಯಾಣದ ಗಂಟೆ ಕೂಡಿಸಿ, ಆಮೇಲೆ ವ್ಯತ್ಯಾಸ ಹೊಂದಿಸಿ. ಜನವರಿ 10, ಮಧ್ಯಾಹ್ನ 2 ಗಂಟೆಗೆ ಬೆಂಗಳೂರು ಬಿಟ್ಟು 16 ಗಂಟೆ ಹಾರಿದರೆ ನಮ್ಮ ಗಡಿಯಾರದಲ್ಲಿ 11ರ ಬೆಳಿಗ್ಗೆ 6. ಹದಿಮೂರೂವರೆ ಕಳೆಯಿರಿ: ಅಲ್ಲಿ 10ರ ಸಂಜೆ 4:30. ಬರುವಾಗ ಜನವರಿ 20ರ ರಾತ್ರಿ 9ಕ್ಕೆ ಹೊರಟು ಹದಿನೇಳೂವರೆ ಗಂಟೆ ಹಾರಿದರೆ ಅಲ್ಲಿನ ಗಡಿಯಾರದಲ್ಲಿ 21ರ ಮಧ್ಯಾಹ್ನ 2:30. ಹದಿಮೂರೂವರೆ ಕೂಡಿಸಿದರೆ ಇಲ್ಲಿ 22ರ ಬೆಳಗಿನ ಜಾವ 4 ಗಂಟೆ. ಪೆಸಿಫಿಕ್ ಮೇಲೆ ದಿನಾಂಕ ರೇಖೆ ದಾಟಿದೆವು ಅಂತ ಮತ್ತೊಂದು ದಿನ ಕೂಡುವುದಾಗಲಿ ಕಳೆಯುವುದಾಗಲಿ ಮಾಡಬೇಡಿ. ಅದು ವ್ಯತ್ಯಾಸದೊಳಗೇ ಸೇರಿಹೋಗಿದೆ.

ಬಾಯಿಲೆಕ್ಕಕ್ಕೆ ಒಂದು ಉಪಾಯ: ಹಗಲನ್ನು ರಾತ್ರಿ ಮಾಡಿ, ಬೇಸಿಗೆಯಲ್ಲಿ ಅರ್ಧ ಗಂಟೆ, ಚಳಿಗಾಲದಲ್ಲಿ ಒಂದೂವರೆ ಗಂಟೆ ಹಿಂದೆ ಹೋಗಿ. ಇಲ್ಲಿ ಬೆಳಿಗ್ಗೆ 8 ಅಂದರೆ ಬೇಸಿಗೆಯಲ್ಲಿ ಅಲ್ಲಿ ಹಿಂದಿನ ದಿನ ಸಂಜೆ 7:30, ಚಳಿಗಾಲದಲ್ಲಿ 6:30. ದಿನಕ್ಕೊಂದು ಮಾತ್ರೆ ನುಂಗುವ ಹಿರಿಯರಿಗೆ ಈ ಲೆಕ್ಕವೇ ಮುಖ್ಯ. ಪ್ರಯಾಣದ ದಿನ ಮಾತ್ರೆಯನ್ನು ಕಳೆದ ಗಂಟೆಗಳ ಮೇಲೆ ನಿಗದಿ ಮಾಡಬೇಕೇ ಹೊರತು ಇಳಿದ ಊರಿನ ಗಡಿಯಾರದ ಮೇಲಲ್ಲ. ಕೈಗಡಿಯಾರ ಒಂದನ್ನು ಭಾರತದ ಸಮಯದಲ್ಲೇ ಬಿಡಿ. ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಹೊರಡುವ ಮುಂಚೆ ಡಾಕ್ಟರ್ ಹತ್ತಿರ ವೇಳಾಪಟ್ಟಿ ಬರೆಸಿಕೊಳ್ಳಬೇಕು.

ಮಧ್ಯರಾತ್ರಿಯ ಟಿಕೆಟ್ ಇನ್ನೊಂದು ಬಲೆ. 12ನೇ ತಾರೀಕು 00:40 ಅಂತ ಇದ್ದರೆ ನೀವು ಮನೆ ಬಿಡಬೇಕಾದದ್ದು 11ರ ಸಂಜೆ. 12ರ ರಾತ್ರಿ ಊಟ ಮುಗಿಸಿ ಹೊರಟರೆ ವಿಮಾನ ಆಗಲೇ ಅಲ್ಲಿ ಇಳಿದಿರುತ್ತದೆ.

ನಡುವೆ ಒಂದು ಊರು ಇಳಿದರೆ

ನೇರ ವಿಮಾನ ಈ ಮಾರ್ಗದಲ್ಲಿ ನಡುವೆ ನಿಂತು ಮತ್ತೆ ಶುರುವಾದದ್ದುಂಟು, ನೀವು ಹೊರಡುವ ತಿಂಗಳಲ್ಲಿ ಇದೆಯೇ ನೋಡಿಕೊಂಡು ಮುಂದುವರಿಯಿರಿ. ಇಲ್ಲದಿದ್ದರೆ ತುಂಡು ತುಂಡಾಗಿ ಲೆಕ್ಕ ಹಾಕಬೇಕು. ದೆಹಲಿ ಮೂಲಕ 1,700 + 12,400 ಕಿ.ಮೀ. ದುಬೈ ಮೂಲಕ 2,700 + 13,000. ಲಂಡನ್ ಮೂಲಕ 8,050 + 8,600. ಫ್ರಾಂಕ್‌ಫರ್ಟ್ ಮೂಲಕ 7,400 + 9,150. ಸಿಂಗಪುರ ಮೂಲಕ 3,200 + 13,600.

ಕಿಲೋಮೀಟರ್ ನೋಡಿ ಸಿಂಗಪುರವನ್ನು ತಳ್ಳಿಹಾಕಬೇಡಿ. ದುಬೈ ದಾರಿಗಿಂತ ಸಾವಿರ ಕಿ.ಮೀ. ಹೆಚ್ಚಿದ್ದರೂ ಹೋಗುವಾಗ ಗಾಳಿ ಹಿಂದಿನಿಂದ ತಳ್ಳುವುದರಿಂದ ಹಾರುವ ಹೊತ್ತು ಹೆಚ್ಚೂ ಕಡಿಮೆ ಒಂದೇ: ದುಬೈ ಮೂಲಕ 4 + 16 ಗಂಟೆ, ಸಿಂಗಪುರ ಮೂಲಕ 4½ + 15. ವಾಪಸ್ ಬರುವಾಗ ಸಿಂಗಪುರದ ದಾರಿ ಎರಡು ಗಂಟೆ ಉದ್ದವಾಗುತ್ತದೆ, ಆಗ ದುಬೈ ಅಥವಾ ಯೂರೋಪ್ ಮೇಲು. ಕಾಲು ಊದಿಕೊಳ್ಳುವವರಿಗೆ, ಒಂದೇ ಸಮ ಕೂರಲಾಗದವರಿಗೆ ಫ್ರಾಂಕ್‌ಫರ್ಟ್, ಲಂಡನ್ ಒಳ್ಳೆಯದು. ಎರಡು ತುಂಡೂ ಹತ್ತು-ಹನ್ನೊಂದು ಗಂಟೆಯಂತೆ ಸಮ ಪಾಲಾಗುತ್ತವೆ. 2022ರಿಂದ ಅಮೆರಿಕ ಮತ್ತು ಯೂರೋಪಿನ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿರುವುದರಿಂದ ಅದಕ್ಕೂ ಹಿಂದಿನ ಹಳೆಯ ಅವಧಿಗಳನ್ನು ನೆಚ್ಚಬೇಡಿ.

ಹಾರುವ ಹೊತ್ತಿಗಿಂತ ಲೇಓವರ್, ಅಂದರೆ ನಡುವಿನ ಊರಿನಲ್ಲಿ ಮುಂದಿನ ವಿಮಾನಕ್ಕೆ ಕಾಯುವ ಹೊತ್ತು, ನಿಮ್ಮ ಒಟ್ಟು ಲೆಕ್ಕವನ್ನು ಹೆಚ್ಚು ಅಲ್ಲಾಡಿಸುತ್ತದೆ. ಎರಡೂ ವಿಮಾನಕ್ಕೆ ಒಂದೇ ಪಿಎನ್‌ಆರ್ (ಬುಕಿಂಗ್ ಸಂಖ್ಯೆ) ಇದ್ದರೆ ಎರಡೂವರೆ-ಮೂರು ಗಂಟೆ ಹದವಾದದ್ದು. ಒಂದೂಕಾಲು ಗಂಟೆಯ ಟಿಕೆಟ್ ಮಾರುತ್ತಾರೆ, ನಿಯಮದಲ್ಲಿ ಅದು ಸರಿಯೂ ಇರಬಹುದು, ಆದರೆ ಅಮೆರಿಕದ ವಿಮಾನಗಳಿಗೆ ಗೇಟಿನಲ್ಲೇ ಮತ್ತೊಮ್ಮೆ ತಪಾಸಣೆ, ಪ್ರಶ್ನೆ ಇರುತ್ತವೆ. ಮೊದಲ ವಿಮಾನ ಅರ್ಧ ಗಂಟೆ ತಡವಾದರೆ ಓಡಬೇಕಾಗುತ್ತದೆ. ಎರಡು ಬೇರೆ ಬೇರೆ ಟಿಕೆಟ್ ಆದರೆ ಐದು ಗಂಟೆಗಿಂತ ಕಡಿಮೆ ಬೇಡ. ಲಗೇಜ್ ಹೊರಗೆ ತೆಗೆದು ಮತ್ತೆ ಚೆಕ್-ಇನ್ ಮಾಡಬೇಕು, ಅದಕ್ಕೆ ಆ ದೇಶದ ಒಳಗೆ ಹೋಗಲು ವೀಸಾ ಬೇಕಾಗಬಹುದು, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ. ದೆಹಲಿಯಲ್ಲಿ ಟರ್ಮಿನಲ್ 1ಕ್ಕೆ ಇಳಿದು 3ಕ್ಕೆ ಹೋಗುವುದಿದ್ದರೆ ಹೊರಗೆ ಬಂದು ರಸ್ತೆಯಲ್ಲಿ ಹೋಗಬೇಕು, ಎರಡೂ ಒಂದೇ ಕಟ್ಟಡದಲ್ಲಿಲ್ಲ.

ನ್ಯೂಯಾರ್ಕ್ ಅಥವಾ ಶಿಕಾಗೊದಲ್ಲಿ ವಿಮಾನ ಬದಲಿಸುವ ಟಿಕೆಟ್ ಆದರೆ ಇಮಿಗ್ರೇಷನ್ ಅಲ್ಲೇ ಆಗುತ್ತದೆ. ಲಗೇಜನ್ನೂ ಅಲ್ಲೇ ಬೆಲ್ಟಿನಿಂದ ಎತ್ತಿಕೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕು, ಬೆಂಗಳೂರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊವರೆಗೆ ಚೀಟಿ ಅಂಟಿಸಿದ್ದರೂ ಸರಿ. ಅಲ್ಲಿ ಮೂರು ಗಂಟೆ ಬಿಡಿ.

ಬಾಗಿಲಿನಿಂದ ಬಾಗಿಲಿಗೆ

ಜಯನಗರದಿಂದ ದೇವನಹಳ್ಳಿ ಕಡೆಗೆ 45 ಕಿ.ಮೀ. ಆಸುಪಾಸು. ಬೆಳಗಿನ ಜಾವ ಒಂದೂಕಾಲು ಗಂಟೆ, ಸಂಜೆ ಆರರ ಹೊತ್ತಿಗೆ ಎರಡೂವರೆ ಗಂಟೆ. ಹೆಬ್ಬಾಳ ಒಂದೇ ಆ ವ್ಯತ್ಯಾಸ ಮಾಡಬಲ್ಲದು, ಮಳೆ ಬಂದರಂತೂ ಕೇಳಲೇಬೇಡಿ. ಮೈಸೂರಿನವರು ಫ್ಲೈಬಸ್ ಹಿಡಿದರೆ ನಾಲ್ಕು ಗಂಟೆ, ಮೇಲೊಂದು ಗಂಟೆ ಸಡಿಲ ಇಟ್ಟುಕೊಳ್ಳಬೇಕು. 2023ರ ಸೆಪ್ಟೆಂಬರಿನಿಂದ ಅಂತರರಾಷ್ಟ್ರೀಯ ವಿಮಾನಗಳು ಟರ್ಮಿನಲ್ 2ರಿಂದ. ಕ್ಯಾಬ್ ಬುಕ್ ಮಾಡುವಾಗಲೇ ಅದನ್ನು ಆರಿಸಿ. ನಿಲ್ದಾಣದಲ್ಲಿ ಮೂರೂವರೆ ಗಂಟೆ ಇರಲಿ, ಚೆಕ್-ಇನ್ ಕೌಂಟರ್ ವಿಮಾನ ಹೊರಡುವ ಕನಿಷ್ಠ ಒಂದು ಗಂಟೆ ಮುಂಚೆಯೇ ಮುಚ್ಚುತ್ತದೆ.

ಅತ್ತ ಕಡೆ ಇಮಿಗ್ರೇಷನ್ ಸಾಲು, ಲಗೇಜ್ ಸೇರಿ ಒಂದೂವರೆ ಗಂಟೆ. ಒಂದೇ ಹೊತ್ತಿಗೆ ಮೂರ್ನಾಲ್ಕು ದೊಡ್ಡ ವಿಮಾನ ಇಳಿದರೆ ಎರಡು ಗಂಟೆಯೂ ಆಗಬಹುದು. ಕರೆದೊಯ್ಯಲು ಬರುವ ಮಗನಿಗೋ ಮಗಳಿಗೋ ವಿಮಾನ ಇಳಿಯುವ ಹೊತ್ತು ಹೇಳಬೇಡಿ, ಅದಕ್ಕೆ ಒಂದೂವರೆ ಗಂಟೆ ಕೂಡಿಸಿ ಹೇಳಿ. ನಿಲ್ದಾಣ ಇರುವುದು ಸ್ಯಾನ್ ಫ್ರಾನ್ಸಿಸ್ಕೊ ನಗರದಿಂದ 20 ಕಿ.ಮೀ. ದಕ್ಷಿಣಕ್ಕೆ, ಸನ್ನಿವೇಲ್, ಫ್ರೀಮಾಂಟ್ ಕಡೆಗೆ ಹೋಗುವವರಿಗೆ ಇನ್ನೂ 40–50 ಕಿ.ಮೀ. ರಸ್ತೆ. ಒಂದು ಗಂಟೆ.

ಕೂಡಿ ನೋಡಿ. ನೇರ ವಿಮಾನ: 2 + 3½ + 16¼ + 1½ + 1, ಇಪ್ಪತ್ನಾಲ್ಕೂಕಾಲು ಗಂಟೆ. ದುಬೈ ಮೂಲಕ, ಮೂರು ಗಂಟೆ ಲೇಓವರ್ ಇಟ್ಟುಕೊಂಡರೆ 2 + 3½ + 4 + 3 + 16 + 1½ + 1, ಮೂವತ್ತೊಂದು ಗಂಟೆ. ಮೈಸೂರಿನಿಂದ ಹೊರಡುವವರು ಮೊದಲ 2ರ ಜಾಗದಲ್ಲಿ 5 ಬರೆದುಕೊಳ್ಳಿ.